ಪ್ರೋಗ್ ರಾಕ್, ಸೈಕೆಡೆಲಿಕ್ ಫೋಕ್: ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ಬಂದವರು, ಕಾರಿನಲ್ಲಿ ಜೊತೆಗೆ ಬಂದವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಆಯ್ತು, ನಾನು ಈ ಸಂಗೀತ ಬಿಟ್ಟಿಲ್ಲ. ಇಲ್ಲಿನ ಮಾತೆಲ್ಲ ಬ್ರಿಟನ್ನಿನ ಬ್ಯಾಂಡುಗಳದ್ದು, ಸುಮಾರು 1967ರಿಂದ 1977ರ ತನಕದ್ದು. ಬೇರೆ ದೇಶಗಳಲ್ಲೂ ಒಳ್ಳೆಯ ಬ್ಯಾಂಡುಗಳಿದ್ದವು. ಆದರೆ ನನ್ನ ಜೀವ ಇರುವುದು ಈ ಹತ್ತು ವರ್ಷಗಳಲ್ಲಿ.

ಪ್ರೋಗ್ ರಾಕ್ ಅಂದ್ರೆ ಏನು?

ಪ್ರೋಗ್ರೆಸಿವ್ ರಾಕ್ ಅನ್ನೋದರ ಗಿಡ್ಡ ಹೆಸರು. ಗಿಟಾರು, ಬೇಸು, ಡ್ರಮ್ಸು ಎಲ್ಲ ಮಾಮೂಲಿ ರಾಕ್ ಬ್ಯಾಂಡಿನದ್ದೇ. ಆದರೆ ಮೂರು ನಿಮಿಷದ ಹಾಡಿನ ಕಟ್ಟು ಇವರಿಗೆ ಸಾಲಲಿಲ್ಲ. ಚರ್ಚಿನ ಆರ್ಗನ್, ಜಾಝ್, ಯುರೋಪಿನ ಶಾಸ್ತ್ರೀಯ ಸಂಗೀತ, ಹಳ್ಳಿ ಹಾಡು, ಎಲ್ಲವನ್ನೂ ಒಳಗೆ ತಂದರು. ಕಿಂಗ್ ಕ್ರಿಮ್ಸನ್, ಯೆಸ್, ಜೆನೆಸಿಸ್, ಜೆಥ್ರೋ ಟಲ್, ಎಮರ್ಸನ್ ಲೇಕ್ ಅಂಡ್ ಪಾಮರ್, ಪಿಂಕ್ ಫ್ಲಾಯ್ಡ್, ಕ್ಯಾರವಾನ್, ವ್ಯಾನ್ ಡರ್ ಗ್ರಾಫ್ ಜನರೇಟರ್. ಇವು ಮುಖ್ಯ ಹೆಸರುಗಳು.

ಸೈಕೆಡೆಲಿಕ್ ಫೋಕ್?

ಜನಪದ ಹಾಡಿನ ಮೈಯಲ್ಲಿ ಕನಸು ಹೊಕ್ಕರೆ ಹೇಗಿರುತ್ತೆ, ಹಾಗೆ. ಇನ್‌ಕ್ರೆಡಿಬಲ್ ಸ್ಟ್ರಿಂಗ್ ಬ್ಯಾಂಡ್, ಪೆಂಟ್ಯಾಂಗಲ್, ಫೇರ್‌ಪೋರ್ಟ್ ಕನ್ವೆನ್ಷನ್, ಟ್ರೀಸ್, ಕೋಮಸ್, ವಾಷ್ಟಿ ಬನ್ಯನ್. ಇವರಲ್ಲಿ ಕೆಲವರು ನೂರಾರು ವರ್ಷ ಹಳೆಯ ಹಾಡುಗಳನ್ನೇ ಎತ್ತಿಕೊಂಡರು. ಕೆಲವರು ಹೊಸ ಹಾಡು ಬರೆದರೂ ಅದಕ್ಕೆ ಹಳೆಯ ಮಣ್ಣಿನ ವಾಸನೆ ಇತ್ತು.

ಒಂದು ಗದ್ದಲದ ಸಂಗೀತ, ಒಂದು ಮೆಲುದನಿ. ಎರಡನ್ನೂ ಯಾಕೆ ಒಟ್ಟಿಗೆ ಇಡ್ತೀರಾ?

ಎಲ್ಲರೂ ಕೇಳುವ ಪ್ರಶ್ನೆ ಇದೇ. ನಾನು ಇದನ್ನೆಲ್ಲ ಬರೆಯಲು ಕೂತಿದ್ದೂ ಈ ಪ್ರಶ್ನೆಗಾಗಿಯೇ. ಇವೆರಡೂ ಒಂದೇ ಮನೆಯ ಮಕ್ಕಳು. ಇದು ಅಭಿಮಾನಿಯ ಕಲ್ಪನೆ ಅಲ್ಲ, ಜನರ ಹೆಸರು ಹಿಡಿದೇ ತೋರಿಸಬಹುದು.

ಮೊದಲು ಜೋ ಬಾಯ್ಡ್. ಈ ಅಮೆರಿಕದ ಹುಡುಗ ಲಂಡನ್ನಿಗೆ ಬಂದು 1966ರ ಡಿಸೆಂಬರಿನಲ್ಲಿ ಗೆಳೆಯ ಜಾನ್ ಹಾಪ್ಕಿನ್ಸ್ ಜೊತೆ ಟಾಟನಮ್ ಕೋರ್ಟ್ ರೋಡಿನ ಒಂದು ನೆಲಮಾಳಿಗೆಯಲ್ಲಿ ಯುಎಫ್‌ಒ ಅನ್ನುವ ಕ್ಲಬ್ ಶುರು ಮಾಡಿದರು. ಅಲ್ಲಿ ಪಿಂಕ್ ಫ್ಲಾಯ್ಡ್, ಸಾಫ್ಟ್ ಮೆಷಿನ್ ಕಾಯಂ ಆಗಿ ನುಡಿಸುತ್ತಿದ್ದರು. ಪಿಂಕ್ ಫ್ಲಾಯ್ಡ್‌ನ ಮೊದಲ ಸಿಂಗಲ್ 'ಆರ್ನಾಲ್ಡ್ ಲೇನ್' ಮಾಡಿಸಿದ್ದು ಬಾಯ್ಡ್. ರೆಕಾರ್ಡ್ ಆಗಿದ್ದು ಚೆಲ್ಸಿಯ ಸೌಂಡ್ ಟೆಕ್ನೀಕ್ಸ್ ಸ್ಟುಡಿಯೋದಲ್ಲಿ. ಮೊದಲು ಹಾಲಿನ ಡೈರಿಯಾಗಿದ್ದ ಕಟ್ಟಡ ಅದು. ಮುಂದೆ ಅದೇ ಬಾಯ್ಡ್, ಅದೇ ಸ್ಟುಡಿಯೋದಲ್ಲಿ, ಇನ್‌ಕ್ರೆಡಿಬಲ್ ಸ್ಟ್ರಿಂಗ್ ಬ್ಯಾಂಡ್, ಫೇರ್‌ಪೋರ್ಟ್, ಫೋಕ್ ಗಾಯಕ ನಿಕ್ ಡ್ರೇಕ್, ವಾಷ್ಟಿ ಬನ್ಯನ್ ಅವರ ಆಲ್ಬಮ್ಮುಗಳನ್ನು ಮಾಡಿದರು. ಅಂದರೆ ಒಂದೇ ಕೋಣೆಯ ಗೋಡೆಗಳು ಎರಡನ್ನೂ ಕೇಳಿವೆ.

ಎರಡನೆಯವರು ಜೂಡಿ ಡೈಬಲ್. ಫೇರ್‌ಪೋರ್ಟ್‌ನ ಮೊದಲ ಗಾಯಕಿ. 1968ರಲ್ಲಿ ಆ ಬ್ಯಾಂಡ್ ಬಿಟ್ಟ ಮೇಲೆ, ಇಯಾನ್ ಮೆಕ್‌ಡೊನಾಲ್ಡ್ ಜೊತೆ ಜೈಲ್ಸ್, ಜೈಲ್ಸ್ ಅಂಡ್ ಫ್ರಿಪ್ ಅನ್ನುವ ಪುಟ್ಟ ಬ್ಯಾಂಡ್ ಸೇರಿಕೊಂಡರು. ಮನೆಯಲ್ಲೇ ಟೇಪ್ ರೆಕಾರ್ಡರ್ ಇಟ್ಟು 'ಐ ಟಾಕ್ ಟು ದಿ ವಿಂಡ್' ಹಾಡಿದರು. ಸ್ವಲ್ಪ ದಿನಕ್ಕೇ ಅವರು ಹೊರನಡೆದರು. ಉಳಿದವರಲ್ಲಿ ಮೂವರು, ಗ್ರೆಗ್ ಲೇಕ್ ಅವರನ್ನು ಸೇರಿಸಿಕೊಂಡು ಕಿಂಗ್ ಕ್ರಿಮ್ಸನ್ ಆದರು. ಹಾಡು ಬರೆಯಲು ಪೀಟರ್ ಸಿನ್‌ಫೀಲ್ಡ್ ಇದ್ದರು. ಅದೇ ಹಾಡು 1969ರ ಮೊದಲ ಆಲ್ಬಮ್ಮಿನಲ್ಲಿ ಎರಡನೆಯದಾಗಿ ಬರುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಜೂಡಿಯ ದನಿಯಲ್ಲಿ ಅದು ಶುದ್ಧ ಫೋಕ್ ಹಾಡು. ಪ್ರೋಗ್ ಅಲ್ಲಿಂದಲೇ ಎದ್ದು ನಡೆದಿದೆ.

ಮೂರನೆಯದು ಸ್ಟ್ರಾಬ್ಸ್. ಬ್ಲೂಗ್ರಾಸ್ ಅನ್ನುವ ಅಮೆರಿಕದ ಹಳ್ಳಿ ಸಂಗೀತ ಹಾಡಿಕೊಂಡು ಶುರುವಾದ ಬ್ಯಾಂಡ್, ಫೋಕ್ ದಾಟಿ ಪ್ರೋಗ್ ತಲುಪಿತು. 1967ರಲ್ಲಿ ಸ್ಯಾಂಡಿ ಡೆನ್ನಿ ಇವರ ಜೊತೆ ಹಾಡಿದರು, ಆಮೇಲೆ ಜೂಡಿಯ ಜಾಗಕ್ಕೆ ಫೇರ್‌ಪೋರ್ಟ್ ಸೇರಿದರು. ಕೀಬೋರ್ಡಿನ ರಿಕ್ ವೇಕ್‌ಮನ್ ಇದೇ ಸ್ಟ್ರಾಬ್ಸ್‌ನಲ್ಲಿದ್ದು 1971ರಲ್ಲಿ ಯೆಸ್‌ಗೆ ಹೋದರು. ನಿಕ್ ಡ್ರೇಕ್ ಹಾಡುಗಳಿಗೆ ಪಿಟೀಲುಗಳನ್ನು ಅಷ್ಟು ಚೆಂದವಾಗಿ ಹೊಂದಿಸಿದ ರಾಬರ್ಟ್ ಕರ್ಬಿ ಕೂಡ ಕೆಲವು ವರ್ಷ ಇಲ್ಲಿ ಕೀಬೋರ್ಡ್ ನುಡಿಸಿದರು. ಇಷ್ಟು ಓಡಾಟ ಇದ್ದ ಮೇಲೆ ನಡುವೆ ಗೋಡೆ ಕಟ್ಟೋದು ಹೇಗೆ?

ಎಲ್ಲಿಂದ ಶುರು ಮಾಡಲಿ?

ಮೆಲುದನಿಯ ಬಾಗಿಲಿನಿಂದ ಬನ್ನಿ. ಜನ ಸಾಮಾನ್ಯವಾಗಿ ಅತಿ ಉದ್ದದ, ಅತಿ ಕಷ್ಟದ ಹಾಡನ್ನು ಮೊದಲು ಕೇಳಿಸುತ್ತಾರೆ. ಕೇಳುವವರು ಅಲ್ಲಿಗೇ ಕೈ ಮುಗಿಯುತ್ತಾರೆ. ಪೆಂಟ್ಯಾಂಗಲ್ ಬ್ಯಾಂಡಿನ 'ಬಾಸ್ಕೆಟ್ ಆಫ್ ಲೈಟ್' ಮೊದಲು ಹಾಕಿ, 1969ರದ್ದು. ಅದರ ಮೊದಲ ಹಾಡು 'ಲೈಟ್ ಫ್ಲೈಟ್' ಬಿಬಿಸಿಯ ಒಂದು ಧಾರಾವಾಹಿಗೆ ಶೀರ್ಷಿಕೆ ಹಾಡಾಗಿತ್ತು. ಜಾಕಿ ಮೆಕ್‌ಶೀ ದನಿ ಹಕ್ಕಿ ಹಾರಿದಷ್ಟು ಹಗುರ. ಕೆಳಗೆ ತಾಳ ಮಾತ್ರ ಐದು, ಏಳು, ಆರು ಅಂತ ಬದಲಾಗುತ್ತಲೇ ಇರುತ್ತದೆ. ನಿಮಗೆ ಗೊತ್ತೇ ಆಗುವುದಿಲ್ಲ. ಪ್ರೋಗ್‌ಗೆ ಬೇಕಾದ ಕಿವಿ ಅಲ್ಲೇ ತಯಾರಾಗಿರುತ್ತದೆ.

ಆಮೇಲೆ ಕ್ಯಾರವಾನ್‌ನ 'ಇನ್ ದಿ ಲ್ಯಾಂಡ್ ಆಫ್ ಗ್ರೇ ಅಂಡ್ ಪಿಂಕ್', 1971. ಕ್ಯಾಂಟರ್‌ಬರಿ ಕಡೆಯ ಬ್ಯಾಂಡ್, ತುಂಬ ಸ್ನೇಹದ ಸಂಗೀತ. ಅದರ ನಂತರ ಜೆಥ್ರೋ ಟಲ್‌ನ 'ಅಕ್ವಾಲಂಗ್'. ಕಿಂಗ್ ಕ್ರಿಮ್ಸನ್ ನಾಲ್ಕನೆಯದಾಗಿ ಬರಲಿ.

ಹಾಡುಗಳು ಯಾಕೆ ಅಷ್ಟು ಉದ್ದ?

ಎಲ್‌ಪಿ ತಟ್ಟೆಯ ಒಂದು ಬದಿಯಲ್ಲಿ ಇಪ್ಪತ್ತು ಚಿಲ್ಲರೆ ನಿಮಿಷ ಹಿಡಿಯುತ್ತದೆ. ಆ ಜಾಗವನ್ನು ಇವರು ಒಂದು ಕ್ಯಾನ್ವಾಸ್ ಥರ ನೋಡಿದರು. ಯೆಸ್‌ನ 'ಕ್ಲೋಸ್ ಟು ದಿ ಎಡ್ಜ್' ಹದಿನೆಂಟು ನಿಮಿಷ ದಾಟುತ್ತದೆ. ಜೆನೆಸಿಸ್‌ನ 'ಸಪರ್ಸ್ ರೆಡಿ' ಏಳು ಭಾಗ, ಸುಮಾರು 23 ನಿಮಿಷ. ಎರಡೂ 1972ರವು. ಅದೇ ವರ್ಷ ಜೆಥ್ರೋ ಟಲ್ 'ಥಿಕ್ ಆಸ್ ಎ ಬ್ರಿಕ್' ತಂದಿತು. ಎರಡೂ ಬದಿಗೆ ಒಂದೇ ಹಾಡು. ಕವರ್ ಬೇರೆ ಒಂದು ಹಳ್ಳಿಯ ದಿನಪತ್ರಿಕೆ ಥರ, ಬಿಡಿಸಿ ಓದುವ ಹಾಗೆ ಪುಟಗಟ್ಟಲೆ ಸುದ್ದಿ.

ಇದನ್ನು ನಾನು ಮೊದಲು ಕೇಳಿದ್ದು ಕ್ಯಾಸೆಟ್ಟಿನಲ್ಲಿ. ಒಂದು ಅಂಗಡಿಯಲ್ಲಿ ರೆಕಾರ್ಡ್ ಮಾಡಿಸಿದ್ದೆ. ಅವರು ಎರಡನೇ ಬದಿಯನ್ನು ಮೊದಲು, ಮೊದಲ ಬದಿಯನ್ನು ಆಮೇಲೆ ಹಾಕಿಬಿಟ್ಟಿದ್ದರು. ತಿಂಗಳುಗಟ್ಟಲೆ ಹಾಗೇ ಕೇಳಿದೆ. ಸರಿಯಾದ ಕ್ರಮದಲ್ಲಿ ಕೇಳಿದ ದಿನ, ಶುರುವಿನ ಆ ಒಂಟಿ ಗಿಟಾರು, ಆ ಮೊದಲ ಸಾಲು, ನಲವತ್ತಕ್ಕೂ ಹೆಚ್ಚು ನಿಮಿಷ ಸುತ್ತಾಡಿ ಕೊನೆಗೆ ಮನೆಗೆ ಮರಳಿದ್ದು ತಿಳಿಯಿತು. ಪಲ್ಲವಿಗೆ ವಾಪಸ್ ಬರುವ ಸುಖ ಅದು. ಬಿಡಿ ಬಿಡಿಯಾಗಿ ಕೇಳಿದರೆ ಈ ಸುಖ ಸಿಗುವುದಿಲ್ಲ. ಅದಕ್ಕೇ ಉದ್ದದ ಹಾಡನ್ನು ಅರ್ಧಕ್ಕೆ ನಿಲ್ಲಿಸಬೇಡಿ ಅನ್ನೋದು.

ತಾಳ ಹಿಡಿಯೋಕೇ ಆಗಲ್ಲ. ಏನು ಮಾಡಲಿ?

ಈ ವಿಷಯದಲ್ಲಿ ನಾವು ಪುಣ್ಯವಂತರು. ನಾಲ್ಕೇ ಎಣಿಸಿ ಬೆಳೆದವರಿಗೆ ಏಳು ಅಂದರೆ ಗಾಬರಿ. ಮಿಶ್ರ ಚಾಪು ಕೇಳಿ ಬೆಳೆದವರಿಗೆ ಯಾಕೆ? ಪಿಂಕ್ ಫ್ಲಾಯ್ಡ್‌ನ 'ಮನಿ' ಹಾಕಿ. ನಾಣ್ಯಗಳ ಸದ್ದು ಮುಗಿದು ಬೇಸ್ ಬಂದ ತಕ್ಷಣ ತೊಡೆ ತಟ್ಟಿಕೊಂಡು 'ತಕಿಟ ತಕಧಿಮಿ' ಹೇಳುತ್ತಾ ಹೋಗಿ. ಒಳಗಿನ ಒಡೆತ ಹಾಗೇ ಇರಬೇಕೆಂದಿಲ್ಲ, ಏಳಕ್ಕೊಮ್ಮೆ ಸಮಕ್ಕೆ ಬಂದರೆ ಸಾಕು. ಸ್ಯಾಕ್ಸೊಫೋನ್ ಮುಗಿದು ಗಿಟಾರ್ ಸೋಲೋ ಬಂದಾಗ ಲೆಕ್ಕ ನಾಲ್ಕಕ್ಕೆ ಬರುತ್ತದೆ. ಅಲ್ಲಿ ಹಾಡು ಗೂಡಿನಿಂದ ಬಿಟ್ಟ ಹಾಗೆ ಓಡುತ್ತದಲ್ಲ, ಅದರ ಗುಟ್ಟು ಇದೇ.

ಐದು ಬೇಕಾದರೆ ಎಮರ್ಸನ್ ಲೇಕ್ ಅಂಡ್ ಪಾಮರ್ ಅವರ 'ಟಾರ್ಕಸ್' ಶುರುವಿಗೆ ಖಂಡ ಚಾಪು ಹಾಕಿ ನೋಡಿ. ಒಂದೆರಡು ದಿನ ಸಾಕು.

ಆ ಹಳೆಯ ಪಿಟೀಲುಗಳ ಗುಂಪಿನ ಥರ, ಸ್ವಲ್ಪ ನಡುಗುವ ದನಿ ಯಾವುದು?

ಮೆಲ್ಲೊಟ್ರಾನ್! ಇದನ್ನು ಯಾರಾದರೂ ಕೇಳಿದರೆ ನನಗೆ ಎಲ್ಲಿಲ್ಲದ ಖುಷಿ.

ನೋಡೋಕೆ ಸಣ್ಣ ಆರ್ಗನ್ ಥರ ಇದೆ, ಒಳಗಿರುವುದೆಲ್ಲ ಟೇಪ್. 1970ರಲ್ಲಿ ಬಂದ ಎಂ 400 ಮಾದರಿಯನ್ನೇ ತಗೊಳ್ಳಿ. 35 ಕೀಲಿಗಳು. ಪ್ರತಿ ಕೀಲಿಯ ಕೆಳಗೂ ಒಂದೊಂದು ಟೇಪಿನ ಪಟ್ಟಿ. ಆ ಪಟ್ಟಿಯ ಮೇಲೆ ನಿಜವಾದ ಪಿಟೀಲುಗಾರರು ಆ ಒಂದು ಸ್ವರವನ್ನು ನುಡಿಸಿ ರೆಕಾರ್ಡ್ ಮಾಡಿರುತ್ತಾರೆ. ಪಕ್ಕದ ಟ್ರ್ಯಾಕಿನಲ್ಲಿ ಕೊಳಲು, ಇನ್ನೊಂದರಲ್ಲಿ ಬೇರೆ ದನಿ. ಕೀಲಿ ಒತ್ತಿದರೆ ಒಂದು ಪುಟ್ಟ ಉರುಳೆ ಟೇಪನ್ನು ತಿರುಗುವ ಸರಳಿಗೆ ಒತ್ತುತ್ತದೆ, ಟೇಪ್ ಓಡುತ್ತದೆ, ಸ್ವರ ಕೇಳುತ್ತದೆ. ಎಂಟು ಸೆಕೆಂಡ್, ಅಷ್ಟೇ. ಟೇಪ್ ಮುಗಿದರೆ ದನಿಯೂ ಮುಗಿಯಿತು. ಬೆರಳು ತೆಗೆದರೆ ಸ್ಪ್ರಿಂಗ್ ಎಳೆದು ಟೇಪನ್ನು ಮತ್ತೆ ಮೊದಲಿನ ಜಾಗಕ್ಕೆ ತರುತ್ತದೆ.

ಹಾಗಾಗಿ ನುಡಿಸುವವರು ಎಂಟು ಸೆಕೆಂಡಿನೊಳಗೆ ಕೈ ಬದಲಿಸುತ್ತಾ ಇರಬೇಕು. ಮೋಟಾರಿನ ವೇಗ ಸ್ವಲ್ಪ ಹೆಚ್ಚು ಕಡಿಮೆ ಆದರೂ ಶ್ರುತಿ ಅಲುಗಾಡುತ್ತದೆ. ಆ ಅಲುಗಾಟವೇ ಅದರ ಜೀವ. ಮನುಷ್ಯರು ನುಡಿಸಿದ್ದು ಅಂತ ಕಿವಿಗೆ ಗೊತ್ತಾಗುತ್ತದೆ, ಆದರೆ ಆ ಮನುಷ್ಯರು ಎಲ್ಲೋ ದೂರದಲ್ಲಿ, ಮಂಜಿನ ಆಚೆ ಇದ್ದಾರೆ.

ಅಮೆರಿಕದ ಹ್ಯಾರಿ ಚೇಂಬರ್ಲಿನ್ ಅವರ ಯಂತ್ರ ಇದಕ್ಕೆ ಮೂಲ. ಅದನ್ನು ನೋಡಿ 1960ರ ದಶಕದ ಶುರುವಿನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಬ್ರ್ಯಾಡ್ಲಿ ಸಹೋದರರು ಮೆಲ್ಲೊಟ್ರಾನ್ ಮಾಡಿದರು. ಆ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಮೈಕ್ ಪಿಂಡರ್, ಮೂಡಿ ಬ್ಲೂಸ್ ಬ್ಯಾಂಡಿನಲ್ಲಿ ಅದನ್ನು ಮನೆಮಾತು ಮಾಡಿದರು. ಕಿಂಗ್ ಕ್ರಿಮ್ಸನ್‌ನ 'ಎಪಿಟಾಫ್' ಕೇಳಿ. ಇಯಾನ್ ಮೆಕ್‌ಡೊನಾಲ್ಡ್ ಆ ಯಂತ್ರದಿಂದ ಆಕಾಶವೇ ಕೆಳಗಿಳಿಯುವ ಹಾಗೆ ಮಾಡಿದ್ದಾರೆ. ಜೆನೆಸಿಸ್‌ನ 'ವಾಚರ್ ಆಫ್ ದಿ ಸ್ಕೈಸ್' ಶುರುವಾಗುವುದೂ ಇದರಿಂದಲೇ.

ಕಿಂಗ್ ಕ್ರಿಮ್ಸನ್‌ನ ಆ ಬಾಯಿ ತೆರೆದ ಮುಖದ ಕವರ್ ಯಾರು ಬರೆದಿದ್ದು?

ಬ್ಯಾರಿ ಗಾಡ್‌ಬರ್. ಕಂಪ್ಯೂಟರ್ ಪ್ರೋಗ್ರಾಮರ್ ಆಗಿದ್ದ ಹುಡುಗ. 1969ರ ಅಕ್ಟೋಬರ್‌ನಲ್ಲಿ ಬ್ಯಾಂಡಿನ ಆ ಮೊದಲ ಆಲ್ಬಮ್ ಬಂತು, ಮುಂದಿನ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಇನ್ನೂ 24 ವರ್ಷ. ಆ ಕವರ್ ಕೈಗೆ ತಗೊಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಹಾಡಿನ ಅರ್ಥವೇ ಆಗಲ್ಲ, ಆದ್ರೂ ಕೇಳಬಹುದಾ?

ಧಾರಾಳವಾಗಿ. ಯೆಸ್‌ನ ಜಾನ್ ಆಂಡರ್ಸನ್ ಎಷ್ಟೋ ಕಡೆ ಪದಗಳನ್ನು ಆರಿಸುವುದು ನಾದಕ್ಕಾಗಿ. ಆದರೂ 'ಕ್ಲೋಸ್ ಟು ದಿ ಎಡ್ಜ್' ಹಿಂದೆ ಹರ್ಮನ್ ಹೆಸ್ಸೆಯ 'ಸಿದ್ಧಾರ್ಥ' ಕಾದಂಬರಿ ಇದೆ. ನದಿಯ ದಡದಲ್ಲಿ ಕೂತು ಜ್ಞಾನ ಪಡೆದವನ ಕಥೆ. ಅದು ಗೊತ್ತಿದ್ದರೆ ಶುರುವಿನ ನೀರಿನ ಸದ್ದು, ಹಕ್ಕಿಗಳ ಸದ್ದು ಬೇರೆಯೇ ಅನಿಸುತ್ತದೆ.

ಫೋಕ್ ಬ್ಯಾಂಡುಗಳ ಹಳೆಯ ಹಾಡುಗಳಿಗೆ ಮಾತ್ರ ಅರ್ಥ ತಿಳಿದೇ ಕೇಳಿ. ಫೇರ್‌ಪೋರ್ಟ್‌ನ 'ಮ್ಯಾಟಿ ಗ್ರೋವ್ಸ್' ಒಂದು ಕಥನಗೀತೆ. ದೊರೆಯ ಹೆಂಡತಿ ಒಬ್ಬ ಹುಡುಗನನ್ನು ಮನೆಗೆ ಕರೆಯುತ್ತಾಳೆ, ಆಳು ಓಡಿಹೋಗಿ ದೊರೆಗೆ ಹೇಳುತ್ತಾನೆ, ದೊರೆ ಬರುತ್ತಾನೆ. ಕೊನೆಗೆ ಎರಡು ಹೆಣ. ಸ್ಯಾಂಡಿ ಡೆನ್ನಿ ಇದನ್ನು ಹಾಡುವಾಗ ಎಲ್ಲೂ ಅಳುವುದಿಲ್ಲ, ನಡೆದದ್ದನ್ನು ಹೇಳುತ್ತಾ ಹೋಗುತ್ತಾರೆ. ನಮ್ಮ 'ಕೆರೆಗೆ ಹಾರ' ಕೇಳಿದವರಿಗೆ ಈ ರೀತಿ ಗೊತ್ತು. ಹಾಡುವವರು ಕಣ್ಣೀರು ಹಾಕದಿದ್ದಷ್ಟೂ ಕೇಳುವವರ ಎದೆ ಭಾರವಾಗುತ್ತದೆ, ಅಲ್ವಾ? ಕಥೆ ಮುಗಿದ ಮೇಲೆ ಡೇವ್ ಸ್ವಾರ್‌ಬ್ರಿಕ್ ಅವರ ಪಿಟೀಲು, ರಿಚರ್ಡ್ ಥಾಂಪ್ಸನ್ ಅವರ ಗಿಟಾರು ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ. ಹಾಡಿನಲ್ಲಿ ಹೇಳದೆ ಉಳಿದ ಸಿಟ್ಟೆಲ್ಲ ಅಲ್ಲಿ ಹೊರಗೆ ಬರುತ್ತದೆ.

ಆ ಹಾಡಿರುವ 'ಲೀಜ್ ಅಂಡ್ ಲೀಫ್' ಆಲ್ಬಮ್ ಬಗ್ಗೆ ಯಾಕೆ ಅಷ್ಟು ಗೌರವದಿಂದ ಮಾತಾಡ್ತಾರೆ?

1969ರ ಮೇ 12ರ ಬೆಳಗಿನ ಜಾವ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಾರ್ಯಕ್ರಮ ಮುಗಿಸಿ ಬರುವಾಗ ಫೇರ್‌ಪೋರ್ಟ್‌ನವರ ವ್ಯಾನು ಎಂ 1 ಹೆದ್ದಾರಿಯಲ್ಲಿ ಅಪಘಾತಕ್ಕೆ ಸಿಕ್ಕಿತು. ಡ್ರಮ್ಸ್ ನುಡಿಸುತ್ತಿದ್ದ ಮಾರ್ಟಿನ್ ಲ್ಯಾಂಬಲ್ ತೀರಿಕೊಂಡರು. ವಯಸ್ಸು 19. ರಿಚರ್ಡ್ ಥಾಂಪ್ಸನ್ ಅವರ ಗೆಳತಿ ಜೀನಿ ಫ್ರಾಂಕ್ಲಿನ್ ಕೂಡ ಹೋದರು. ಬ್ಯಾಂಡ್ ಅಲ್ಲಿಗೇ ಮುಗಿಯಬಹುದಿತ್ತು. ಅವರೆಲ್ಲ ಇಪ್ಪತ್ತರ ಆಸುಪಾಸಿನ ಮಕ್ಕಳು.

ಅವರು ಹ್ಯಾಂಪ್‌ಶೈರ್‌ನ ಹಳ್ಳಿಯೊಂದರಲ್ಲಿ ಮನೆ ಮಾಡಿಕೊಂಡು ಒಟ್ಟಿಗೆ ಇದ್ದರು. ಅಪಘಾತಕ್ಕೆ ಮೊದಲು ತಾವು ನುಡಿಸುತ್ತಿದ್ದ ಹಾಡುಗಳನ್ನು ಮತ್ತೆ ನುಡಿಸಲು ಆಗುವುದಿಲ್ಲ, ಅವು ನೋವು ತರುತ್ತವೆ. ಬೇಸ್ ನುಡಿಸುವ ಆಶ್ಲಿ ಹಚಿಂಗ್ಸ್ ಲಂಡನ್ನಿನ ಸೆಸಿಲ್ ಶಾರ್ಪ್ ಹೌಸ್ ಗ್ರಂಥಾಲಯದಲ್ಲಿ ಜನಪದ ಹಾಡುಗಳನ್ನು ಹುಡುಕಿ ತಂದರು. ಸ್ವಾರ್‌ಬ್ರಿಕ್ ಪೂರ್ತಿಯಾಗಿ ಸೇರಿದರು, ಡ್ರಮ್ಸಿಗೆ ಡೇವ್ ಮ್ಯಾಟಕ್ಸ್ ಬಂದರು. ಡಿಸೆಂಬರ್‌ನಲ್ಲಿ ಆಲ್ಬಮ್ ಹೊರಬಂತು. ಏಳೇ ತಿಂಗಳು. ಮುನ್ನೂರು ನಾನೂರು ವರ್ಷದ ಸಾವಿನ ಹಾಡುಗಳನ್ನು ಈ ಮಕ್ಕಳು ಯಾಕೆ ಅಷ್ಟು ಹತ್ತಿರದಿಂದ ಹಾಡಿದರು ಅಂತ ನಾನು ವಿವರಿಸಬೇಕಿಲ್ಲ.

ನಮ್ಮ ಸಂಗೀತದ ಪ್ರಭಾವ ಇದರ ಮೇಲೆ ಇದೆಯಾ?

ಸಿತಾರ್ ಇದೆ. ಇನ್‌ಕ್ರೆಡಿಬಲ್ ಸ್ಟ್ರಿಂಗ್ ಬ್ಯಾಂಡ್, ಪೆಂಟ್ಯಾಂಗಲ್ ಇಬ್ಬರೂ ಬಳಸಿದ್ದಾರೆ. ಆದರೆ ಅದು ಮೇಲಿನ ಬಣ್ಣ. ಒಳಗಿನ ನಂಟು ಗೊತ್ತಾಗಬೇಕಾದರೆ ಡೇವಿ ಗ್ರಹಾಂ ಅವರನ್ನು ಕೇಳಿ. ಇಂಗ್ಲೆಂಡಿನ ಗಿಟಾರ್ ವಾದಕ. ಮೊರಾಕೊದಲ್ಲಿ ಊದ್ ಅನ್ನುವ ತಂತಿವಾದ್ಯ ನುಡಿಸುವವರ ಜೊತೆ ಕೂರಲು ಗಿಟಾರಿನ ಶ್ರುತಿಯನ್ನೇ ಬದಲಿಸಿಕೊಂಡರು. ಆರು ತಂತಿಗೆ ಡಿ, ಎ, ಡಿ, ಜಿ, ಎ, ಡಿ. ಇದನ್ನು ಬ್ರಿಟನ್ನಿನ ಫೋಕ್ ಗಿಟಾರ್ ವಾದಕರು ಒಬ್ಬರಿಂದೊಬ್ಬರು ಕಲಿತರು.

ಡಿ ಅನ್ನು ಷಡ್ಜ ಅಂತ ಇಟ್ಟುಕೊಂಡು ಹೇಳಿ ನೋಡಿ: ಸ, ಪ, ಸ, ಮ, ಪ, ಸ. ಗಾಂಧಾರವೇ ಇಲ್ಲ! ತಂಬೂರಿಯನ್ನೇ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ ಹಾಗೆ. ಗಾಂಧಾರ ಯಾವುದು ಬೇಕೋ ಅದನ್ನು ಬೆರಳು ತೀರ್ಮಾನಿಸುತ್ತದೆ. ಇದನ್ನು ಗಮನಿಸಿದ ರಾತ್ರಿ ನಾನು ಗಿಟಾರಿನ ಆರೂ ತಂತಿಗಳನ್ನು ಸುಮ್ನೆ ಮೀಟುತ್ತಾ ಬಹಳ ಹೊತ್ತು ಕೂತಿದ್ದೆ. ಗ್ರಹಾಂ ಐರ್ಲೆಂಡಿನ 'ಶೀ ಮೂವ್ಡ್ ಥ್ರೂ ದಿ ಫೇರ್' ಹಾಡನ್ನು ಗಿಟಾರಿನಲ್ಲಿ ಆಲಾಪದ ಹಾಗೆ ಬೆಳೆಸುತ್ತಾರೆ. ಅದನ್ನು ನಮ್ಮ ಮನೆಯ ಹಿರಿಯರಿಗೆ ಕೇಳಿಸಿ, ಒಂದು ಮಾತೂ ಹೇಳಬೇಡಿ. ಅವರ ತಲೆ ತಾನಾಗಿ ಅಲ್ಲಾಡುತ್ತದೆ.

ಇವರಲ್ಲಿ ಯಾರಾದ್ರೂ ನಮ್ಮ ಕಡೆ ಬಂದಿದ್ರಾ?

ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದರು. ಜೆಥ್ರೋ ಟಲ್ ಭಾರತಕ್ಕೆ ಒಂದಕ್ಕಿಂತ ಹೆಚ್ಚು ಸಲ ಬಂದಿದೆ.

ಇದೆಲ್ಲ ಡ್ರಗ್ಸ್ ತಗೊಂಡವರ ಸಂಗೀತ ಅಲ್ವಾ?

ಕೆಲವರು ತಗೊಂಡರು, ಕೆಲವರು ಅದರಿಂದ ಹಾಳಾದರು. ಪಿಂಕ್ ಫ್ಲಾಯ್ಡ್ ಕಟ್ಟಿದ ಸಿಡ್ ಬ್ಯಾರೆಟ್ ಕಥೆ ನನಗೆ ಇವತ್ತಿಗೂ ಸಂಕಟ. ಆದರೆ ಜೆಥ್ರೋ ಟಲ್‌ನ ಇಯಾನ್ ಆಂಡರ್ಸನ್ ಅದರಿಂದ ದೂರ ಇದ್ದವರು. ಏಳರ ತಾಳದಲ್ಲಿ ಇಪ್ಪತ್ತು ನಿಮಿಷ ತಪ್ಪದೆ ನುಡಿಸಲು ತಿಂಗಳುಗಟ್ಟಲೆ ಸಾಧಕ ಬೇಕು. ಕೇಳುವವರಿಗೆ ಒಂದು ಲೋಟ ಕಾಫಿ ಸಾಕು.

ಪಂಕ್ ಬಂದು ಪ್ರೋಗ್ ಸತ್ತುಹೋಯ್ತು ಅಂತಾರಲ್ಲ?

ಈ ಮಾತು ನನಗೆ ಒಪ್ಪಿಗೆ ಇಲ್ಲ. ಪಂಕ್ ಅಂದರೆ 1976ರ ಹೊತ್ತಿಗೆ ಎದ್ದ ಒರಟು, ಗಿಡ್ಡ ಹಾಡುಗಳ ರಾಕ್. ಅದು ಬರುವ ಮೊದಲೇ, 1974ರಲ್ಲಿ, ಗಿಟಾರಿನ ರಾಬರ್ಟ್ ಫ್ರಿಪ್ ತಾವಾಗಿಯೇ ಕಿಂಗ್ ಕ್ರಿಮ್ಸನ್ ನಿಲ್ಲಿಸಿದರು. 1975ರಲ್ಲಿ ಗಾಯಕ ಪೀಟರ್ ಗೇಬ್ರಿಯಲ್ ಜೆನೆಸಿಸ್ ಬಿಟ್ಟರು. ಇನ್ನು ಪಂಕ್ ಜೋರಾಗಿದ್ದ 1977ರಲ್ಲೇ ಯೆಸ್‌ನ 'ಗೋಯಿಂಗ್ ಫಾರ್ ದಿ ಒನ್' ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಜನ ಕೇಳುವುದನ್ನು ಬಿಟ್ಟಿರಲಿಲ್ಲ.

ಯಾರೂ ಕೇಳದೆ ಕಳೆದುಹೋಗಿ, ಆಮೇಲೆ ಸಿಕ್ಕಿದ ಆಲ್ಬಮ್ ಯಾವುದಾದ್ರೂ ಇದೆಯಾ?

ವಾಷ್ಟಿ ಬನ್ಯನ್ ಅವರ 'ಜಸ್ಟ್ ಅನದರ್ ಡೈಮಂಡ್ ಡೇ'. 1968ರಲ್ಲಿ ಈಕೆ ಗೆಳೆಯನ ಜೊತೆ ಒಂದು ಕುದುರೆಗಾಡಿ ಹತ್ತಿ ಲಂಡನ್ನಿನಿಂದ ಸ್ಕಾಟ್ಲೆಂಡಿನ ದ್ವೀಪಗಳ ಕಡೆ ಹೊರಟರು. ಗಾಯಕ ಡೊನೊವನ್ ಸ್ಕೈ ದ್ವೀಪದಲ್ಲಿ ಕಲಾವಿದರಿಗೆ ನೆಲೆ ಮಾಡುತ್ತಿದ್ದಾರೆ ಅಂತ ಸುದ್ದಿ. ಕುದುರೆಯ ಹೆಸರು ಬೆಸ್. ದಾರಿಯಲ್ಲೇ ವರ್ಷ ದಾಟಿತು. ದಾರಿಯಲ್ಲಿ ಬರೆದ ಹಾಡುಗಳನ್ನು ಜೋ ಬಾಯ್ಡ್ ರೆಕಾರ್ಡ್ ಮಾಡಿದರು, ಕರ್ಬಿ ಪಿಟೀಲು ಹೊಂದಿಸಿದರು. 1970ರ ಕೊನೆಗೆ ಆಲ್ಬಮ್ ಬಂತು. ಯಾರೂ ಕೊಳ್ಳಲಿಲ್ಲ. ಆಕೆ ಹಾಡುವುದನ್ನೇ ಬಿಟ್ಟು ಮಕ್ಕಳನ್ನು ಬೆಳೆಸಿದರು. ಮೂವತ್ತು ವರ್ಷದ ಮೇಲೆ, 2000ದಲ್ಲಿ, ಸಿಡಿಯಾಗಿ ಬಂದಾಗ ಹೊಸ ಕಾಲದ ಮಕ್ಕಳು ಅದನ್ನು ಎತ್ತಿಕೊಂಡರು. 2005ರಲ್ಲಿ ಆಕೆಯ ಎರಡನೇ ಆಲ್ಬಮ್ ಬಂತು. ದನಿ ಅದೇ, ನೀರು ಹನಿದ ಹಾಗೆ.

ಹಳೆಯ ರೆಕಾರ್ಡಿಂಗ್ ಮಂಕಾಗಿ ಕೇಳುತ್ತೆ. ಯಾವುದನ್ನು ಕೇಳಲಿ?

ಸ್ಟೀವನ್ ವಿಲ್ಸನ್ ರೀಮಿಕ್ಸ್ ಅಂತ ಬರೆದಿದ್ದರೆ ಕಣ್ಣುಮುಚ್ಚಿ ತಗೊಳ್ಳಿ. ಕಿಂಗ್ ಕ್ರಿಮ್ಸನ್, ಯೆಸ್, ಜೆಥ್ರೋ ಟಲ್ ಆಲ್ಬಮ್ಮುಗಳನ್ನು ಮೂಲ ಟೇಪಿನಿಂದಲೇ ಅವರು ಮತ್ತೆ ಹೊಂದಿಸಿದ್ದಾರೆ. ಹೆಡ್‌ಫೋನ್ ದುಬಾರಿಯದ್ದು ಬೇಕಿಲ್ಲ.

ಒಂದೇ ಒಂದು ಹಾಡು ಹೇಳಿ ಅಂದ್ರೆ?

ಇನ್‌ಕ್ರೆಡಿಬಲ್ ಸ್ಟ್ರಿಂಗ್ ಬ್ಯಾಂಡ್‌ನ 'ಎ ವೆರಿ ಸೆಲ್ಯುಲರ್ ಸಾಂಗ್'. 1968ರ 'ದಿ ಹ್ಯಾಂಗ್‌ಮನ್ಸ್ ಬ್ಯೂಟಿಫುಲ್ ಡಾಟರ್' ಆಲ್ಬಮ್ಮಿನದ್ದು. ಹದಿಮೂರು ನಿಮಿಷ. ನಾನು ಹೇಳಿದ ಒಂದೇ ಮನೆ ಅನ್ನೋ ಮಾತಿಗೆ ಇದೇ ಸಾಕ್ಷಿ. ಇದು ಪೂರ್ತಿ ಫೋಕ್, ಆದರೆ ಕಟ್ಟಿರುವ ರೀತಿ ಪೂರ್ತಿ ಪ್ರೋಗ್, ಅದೂ ಕಿಂಗ್ ಕ್ರಿಮ್ಸನ್ ಮೊದಲ ಆಲ್ಬಮ್ಮಿಗಿಂತ ಮುಂಚೆ.

ಬರೆದವರು ಮೈಕ್ ಹೆರನ್. ಹಾರ್ಪ್ಸಿಕಾರ್ಡ್, ಆರ್ಗನ್, ಮೊರಾಕೊದ ತಂತಿವಾದ್ಯ ಗಿಂಬ್ರಿ, ಚಪ್ಪಾಳೆ, ಒಂದೊಂದಾಗಿ ಬಂದು ಹೋಗುತ್ತವೆ. ಶುರುವಾಗಿ ಸ್ವಲ್ಪ ಹೊತ್ತಿಗೇ ಬಹಾಮಾಸ್ ದ್ವೀಪಗಳ ಪಿಂಡರ್ ಕುಟುಂಬ ಹಾಡುತ್ತಿದ್ದ ಒಂದು ಅಂತಿಮ ವಿದಾಯದ ಭಜನೆ ಬರುತ್ತದೆ, ಸತ್ತವರಿಗೆ ಶುಭರಾತ್ರಿ ಹೇಳುವ ಹಾಡು. ಆಮೇಲೆ ಒಂದು ಅಮೀಬಾ ತನ್ನ ಕಥೆ ತಾನೇ ಹೇಳುತ್ತದೆ. ಅದು ಎರಡಾಗಿ ಒಡೆಯುವುದನ್ನು ಹಾಡುವಾಗ ದನಿಯಲ್ಲಿ ಎಂಥ ಮುಗ್ಧ ಸಂತೋಷ! ಸಾವಿನಿಂದ ಶುರುವಾಗಿ ಜೀವದ ಮೊದಲ ಕಣದ ತನಕ ಹೋಗಿದ್ದಾರೆ.

ಕೊನೆಗೆ ಎಲ್ಲ ದನಿಗಳೂ ಸೇರಿ ಒಂದು ಹರಕೆ ಹಾಡುತ್ತವೆ. ಸೂರ್ಯನ ಬೆಳಕು ಬಹುಕಾಲ ನಿನ್ನ ಮೇಲಿರಲಿ, ಸುತ್ತ ಪ್ರೀತಿ ಇರಲಿ ಅನ್ನುವ ಅರ್ಥದ ನಾಲ್ಕು ಸಾಲು. ಅದೇ ಸಾಲುಗಳನ್ನು ಕುಂಡಲಿನಿ ಯೋಗದ ತರಗತಿಗಳಲ್ಲಿ ಈಗಲೂ ಕೊನೆಗೆ ಹಾಡುತ್ತಾರೆ, ಎಷ್ಟೋ ದೇಶಗಳಲ್ಲಿ. ಅಲ್ಲಿ ಕಣ್ಣುಮುಚ್ಚಿ ಹಾಡುವವರಲ್ಲಿ ಹೆಚ್ಚಿನವರಿಗೆ ಅದು ಅಮೀಬಾದ ಹಾಡಿನ ಬಾಲ ಅಂತ ಗೊತ್ತಿರಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಮಗಳನ್ನು ಮಲಗಿಸುವಾಗ ನಾನು ಹಾಡುವುದೂ ಆ ನಾಲ್ಕು ಸಾಲನ್ನೇ.